ಎಂಟು ಜನ, ಒಂದು ಟ್ರೈಲರ್: ಎಳೆಯೋಕೆ ಯಾವ ಗಾಡಿ ತಗೊಳ್ಳಲಿ?

ತುಮಕೂರ್_ಟು_ಡೆನ್ವರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯಿತು, ಸಹಿಸಿಕೊಳ್ಳಿ.

ನಾವಿರುವುದು ಡೆನ್ವರ್ ಪಕ್ಕ. ನಾನು, ಹೆಂಡತಿ, ನಾಲ್ಕು ಮಕ್ಕಳು. ದೊಡ್ಡವನಿಗೆ 13, ಮಗಳಿಗೆ 10, ಕೊನೆಯವು ಎರಡೂ ಅವಳಿ, 5 ವರ್ಷ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಊರಿಂದ ಬರುತ್ತಾರೆ, ಅಕ್ಟೋಬರ್ ತನಕ ಇರುತ್ತಾರೆ. ಒಟ್ಟು ಎಂಟು ಜನ. ಹೋದ ಸಲ ಬಂದಾಗ ಯೆಲ್ಲೊಸ್ಟೋನಿಗೆ ಕರೆದುಕೊಂಡು ಹೋಗಿದ್ದೆವು. ಮೋಟೆಲಿನಲ್ಲಿ ಮೂರು ರೂಮು ಹಿಡಿದು ಜೇಬು ಖಾಲಿಯಾಯಿತು, ಅದು ಹೋಗಲಿ, ಅಮ್ಮನಿಗೆ ಊಟವೇ ಸೇರಲಿಲ್ಲ. ಎರಡು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಕಳೆದರು. ಮೂರನೇ ದಿನ ಬಾತ್‌ರೂಮಿನ ಕಟ್ಟೆ ಮೇಲೆ ಸಣ್ಣ ಕುಕ್ಕರ್ ಇಟ್ಟು ಅನ್ನ ಮಾಡಿ, ಬ್ಯಾಗಿನಲ್ಲಿದ್ದ ಚಟ್ನಿಪುಡಿ ಕಲಸಿ ಎಲ್ಲರಿಗೂ ಕೊಟ್ಟರು. ಆವತ್ತೇ ಹೆಂಡತಿ ಹೇಳಿದಳು, ಮುಂದಿನ ಸಲ ಅಡುಗೆಮನೆ ಜೊತೆಗೇ ಹೊರಡೋಣ ಅಂತ.

ಈಗ ಒಂದು ಬಂಕ್‌ಹೌಸ್ ಟ್ರಾವೆಲ್ ಟ್ರೈಲರ್ ನೋಡಿದ್ದೇವೆ, ಅಂದರೆ ಗಾಡಿ ಹಿಂದೆ ಕಟ್ಟಿ ಎಳೆಯುವ, ಮಲಗೋಕೆ ಬಂಕ್ ಇರುವ ಚಕ್ರದ ಮನೆ. 32 ಅಡಿ. ಹಿಂದೆ ನಾಲ್ಕು ಬಂಕ್, ಮುಂದೆ ಕ್ವೀನ್ ಬೆಡ್, ನಡುವಿನ ಡೈನಿಂಗ್ ಟೇಬಲ್ ಮಡಚಿದರೆ ಇನ್ನಿಬ್ಬರು. ಖಾಲಿ ತೂಕ 6,200 ಪೌಂಡ್, ತುಂಬಿಸಿದ ಮೇಲೆ ಗರಿಷ್ಠ 7,600. ನಮ್ಮ ಹತ್ತಿರ ಇರುವುದು ಎಂಟು ಸೀಟಿನ ಮಿನಿವ್ಯಾನ್. ಅದು ಎಳೆಯುವುದು 3,500 ಮಾತ್ರ, ಹಾಗಾಗಿ ಅದನ್ನು ಬಿಡಿ. ಡೀಲರ್ ಒಬ್ಬರು ಸೆಕೆಂಡ್ ಹ್ಯಾಂಡ್ ದೊಡ್ಡ ಎಸ್‌ಯುವಿ ತೋರಿಸಿದರು. ಎಂಟು ಸೀಟು, ಟೋ ರೇಟಿಂಗ್ 8,200. "7,600 ಎಳೆಯೋಕೆ ಇನ್ನೂ 600 ಉಳಿಯುತ್ತದಲ್ಲ, ಆರಾಮಾಗಿ ಹೋಗಿ" ಅಂದರು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೂ ಎರಡನ್ನೂ ಒಟ್ಟಿಗೆ ಕೊಳ್ಳುವ ಮುಂಚೆ ಎಳೆದು ಗೊತ್ತಿರುವವರನ್ನು ಕೇಳೋಣ ಅನ್ನಿಸಿತು. ಓಡಾಟ ಜಾಸ್ತಿ ಐ-70 ಹೈವೇ ಮೇಲೆ, ಮೋಆಬ್ ಕಡೆ, ಆಮೇಲೆ ವಯೋಮಿಂಗ್ ದಾಟಿ ಯೆಲ್ಲೊಸ್ಟೋನ್.

ಹಾಸನದ_ಆಲೂಗಡ್ಡೆ:

ಡೀಲರ್ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಉಳಿದ ಅರ್ಧ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಬಾಗಿಲು ತೆಗೆದರೆ ಹಳದಿ, ಬಿಳಿ ಬಣ್ಣದ ಟೈರಿನ ಸ್ಟಿಕರ್ ಕಾಣುತ್ತದೆ. ಜನ, ಸಾಮಾನು ಎರಡೂ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ನಿಮ್ಮಂಥ ದೊಡ್ಡ ಸಂಸಾರಕ್ಕೆ ಮೊದಲು ಮುಗಿದುಹೋಗುವುದು ಟೋ ರೇಟಿಂಗ್ ಅಲ್ಲ, ಇದು.

ಟ್ರೈಲರ್ ಪೂರ್ತಿ ತನ್ನ ಚಕ್ರದ ಮೇಲೇ ನಿಂತಿರುವುದಿಲ್ಲ. ಮೂತಿಯ ಭಾರ ನಿಮ್ಮ ಗಾಡಿಯ ಹಿಂಭಾಗದ ಮೇಲೆ ಕೂರುತ್ತದೆ. ಎತ್ತಿನಗಾಡಿ ನೋಡಿದ್ದೀರಲ್ಲ, ಮೂಕಿ ಭಾರ ಎತ್ತಿನ ಹೆಗಲಿಗೆ ಬೀಳುವ ಹಾಗೇ. ಈ ಮೂತಿಯ ತೂಕ ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇರಲೇಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ. ಹಾಗಾಗಿ ಸಾಮಾನೆಲ್ಲ ಹಿಂದಕ್ಕೆ ತುರುಕಿ ಮೂತಿ ಹಗುರ ಮಾಡುತ್ತೇನೆ ಅನ್ನುವ ಜಾಣತನ ಬೇಡ.

ಈಗ ನಿಮ್ಮ ಲೆಕ್ಕ ಹಾಕೋಣ. ತೂಕ ನಾನು ಅಂದಾಜಿಗೆ ಹಿಡಿಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು 180, ನಿಮ್ಮ ಹೆಂಡತಿ 140, ಅಪ್ಪ 150, ಅಮ್ಮ 145, ದೊಡ್ಡವನು 105, ಮಗಳು 70, ಅವಳಿಗಳು ತಲಾ 40. ಅಲ್ಲಿಗೆ 870. ಅವಳಿಗಳ ಸೀಟು ಎರಡೂ ಸೇರಿ 40 ಇಟ್ಟುಕೊಳ್ಳಿ, 910 ಆಯಿತು. ಟ್ರೈಲರ್ ತುಂಬಿಸಿದಾಗ 7,400 ಆದರೂ ಶೇಕಡಾ 13ರ ಹಾಗೆ ಮೂತಿಯ ತೂಕ 960. ಗಾಡಿಗೆ ಟ್ರೈಲರ್ ಜೋಡಿಸಿ ಭಾರ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಕಬ್ಬಿಣವೇ ಒಂದು 90. ಒಟ್ಟು 1,960. ಈ ಸೈಜಿನ ಎಸ್‌ಯುವಿಗಳ ಸ್ಟಿಕರ್ ಸಾಮಾನ್ಯವಾಗಿ 1,500ರಿಂದ 1,700ರ ಒಳಗೆ ಇರುತ್ತದೆ. 1,550 ಅಂತ ಹಿಡಿದರೆ ನೀವು 410 ಪೌಂಡ್ ಮೀರಿದ್ದೀರಿ. ಅದೂ ಗಾಡಿಯಲ್ಲಿ ಒಂದು ನೀರಿನ ಬಾಟಲಿಯನ್ನೂ ಇಡದೆ.

ಹಿಚ್ ಸರಿಯಾಗಿ ಬಿಗಿದರೆ ಮೂತಿಯ ಭಾರದಲ್ಲಿ ಒಂದಿಷ್ಟು ಟ್ರೈಲರಿನ ಆಕ್ಸಲ್ ಕಡೆಗೆ ವಾಪಸ್ ಹೋಗುತ್ತದೆ ನಿಜ. ಆದರೆ 410 ಹೋಗುವುದಿಲ್ಲ. ಇನ್ನೊಂದು ವಿಷಯ. ಆ 8,200 ಅನ್ನುವ ನಂಬರನ್ನು ಅಳೆಯುವಾಗ ಗಾಡಿಯಲ್ಲಿ 150 ಪೌಂಡಿನ ಇಬ್ಬರೇ ಕೂತಿರುತ್ತಾರೆ, ಎಂಟು ಜನ ಅಲ್ಲ. ಉಳಿದ ಆರು ಜನರ ತೂಕ ಅದರಿಂದಲೇ ಕಳೆಯಬೇಕು.

ಖಾಲಿ ತೂಕ 6,200 ಅನ್ನುವುದನ್ನೂ ಪೂರ್ತಿ ನಂಬಬೇಡಿ. ಅದರಲ್ಲಿ ಬ್ಯಾಟರಿ ಸೇರಿರುವುದಿಲ್ಲ, ನೀರು ಇರುವುದಿಲ್ಲ, ಕೆಲವರು ಗ್ಯಾಸ್ ಸಿಲಿಂಡರ್ ಕೂಡ ಸೇರಿಸಿರುವುದಿಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330ರ ಮೇಲೆ. ನಿಮ್ಮ ಅಪ್ಪ ಅಮ್ಮ ಇಬ್ಬರೂ ಸೇರಿದರೂ ಅಷ್ಟು ತೂಗುವುದಿಲ್ಲ.

ರಾಗಿಮುದ್ದೆ_ವಿ8:

ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಾ. ಮುಕ್ಕಾಲು ಟನ್ ಪಿಕಪ್, ಅಂದರೆ ಮಾಮೂಲಿಗಿಂತ ಭಾರ ಹೊರುವ ಪಿಕಪ್ ತಗೊಳ್ಳಿ. ಎಫ್-250, ರಾಮ್ 2500, ಸಿಲ್ವರಾಡೊ 2500, ಯಾವುದಾದರೂ ಸರಿ. ಪೆಟ್ರೋಲ್ ಎಂಜಿನ್ ಇರುವುದೇ ತಗೊಳ್ಳಿ. ಎಲ್ಲರೂ ಡೀಸೆಲ್ ಅಂತಾರೆ, ಆದರೆ ಡೀಸೆಲ್ ಎಂಜಿನ್ನೇ ಭಾರ, ಆ ಭಾರ ಪೇಲೋಡಿನಿಂದಲೇ ಹೋಗುತ್ತದೆ. ಮುಂದೆ ಬೆಂಚ್ ಸೀಟ್ ಇರುವ ಮಾಡೆಲ್ ಹುಡುಕಿದರೆ ಆರು ಜನ ಕೂರಬಹುದು. ಇನ್ನಿಬ್ಬರು ನಿಮ್ಮ ಮಿನಿವ್ಯಾನಿನಲ್ಲಿ ಹಿಂದೆ ಬರಲಿ. ಎರಡು ಗಾಡಿ ಇದ್ದರೆ ಕ್ಯಾಂಪಿಗೆ ಹೋದ ಮೇಲೂ ಅನುಕೂಲ, ಅಪ್ಪನಿಗೆ ಸುಸ್ತಾದರೆ ಒಬ್ಬರು ವಾಪಸ್ ಕರೆದುಕೊಂಡು ಬರಬಹುದು.

ಹಿಂದೆ ಸಾಮಾನು ಹಾಕುವ ಬೆಡ್ ಎಂಟಡಿ ಇರುವ ಉದ್ದದ್ದು ಮಾತ್ರ ಬೇಡ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಜೊತೆ ಉದ್ದ ಬೆಡ್ ಸೇರಿದರೆ ಟ್ರೈಲರ್ ಇಲ್ಲದೆಯೂ 21 ಅಡಿ ದಾಟುತ್ತದೆ.

ತುಮಕೂರ್_ಟು_ಡೆನ್ವರ್:

@ರಾಗಿಮುದ್ದೆ_ವಿ8 ಹೆಂಡತಿಗೆ ಹೈವೇ ಮೇಲೆ ಆರೇಳು ಗಂಟೆ ಒಬ್ಬಳೇ ಓಡಿಸೋಕೆ ಇಷ್ಟ ಇಲ್ಲ. ಅಮ್ಮ ಒಂದು ಗಾಡಿ, ಅವಳಿಗಳು ಇನ್ನೊಂದು ಗಾಡಿ ಅಂದರೆ ಆ ಮೂವರೂ ಒಪ್ಪುವುದಿಲ್ಲ. ದೊಡ್ಡವರು ಟ್ರೈಲರ್ ಒಳಗೇ ಮಲಗಿಕೊಂಡು ಬರಲಿ ಅಂತ ಅಪ್ಪನೇ ಫೋನಿನಲ್ಲಿ ಐಡಿಯಾ ಕೊಟ್ಟರು!

ಹಾಸನದ_ಆಲೂಗಡ್ಡೆ:

ಅದೊಂದು ಖಂಡಿತ ಬೇಡ. ಓಡುವ ಟ್ರಾವೆಲ್ ಟ್ರೈಲರಿನಲ್ಲಿ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಸುತ್ತ ತೆಳ್ಳಗಿನ ಪ್ಲೈವುಡ್ ಬೀರು. ಕಾನೂನು ಒಪ್ಪುತ್ತದೋ ಇಲ್ಲವೋ ಅನ್ನುವ ಮಾತು ಆಮೇಲೆ.

ಜಯನಗರ_ನಾಲ್ಕನೇ_ಬ್ಲಾಕ್:

ನನ್ನ ಕಥೆ ಹೇಳುತ್ತೇನೆ. ಇದನ್ನು ಓದಿ ಹೆದರಿಕೊಂಡರೆ ಒಳ್ಳೆಯದೇ.

ನಾವು ಏಳು ಜನ. ಇದೇ ತರಹದ ಎಸ್‌ಯುವಿ, 30 ಅಡಿ ಟ್ರೈಲರ್. ಯಾವ ಕಂಪನಿ ಅಂತ ಕೇಳಬೇಡಿ, ತಪ್ಪು ಗಾಡಿಯದಲ್ಲ, ನಮ್ಮದು. ನಮಗೂ ಮಾರಿದವರು "ಆರಾಮಾಗಿ ಎಳೆಯುತ್ತದೆ" ಅಂದಿದ್ದರು. ಎಳೆಯಿತು. ಕಾನ್ಸಸ್ ಪೂರ್ತಿ ಎಳೆಯಿತು, ಒಂದು ಮಾತು ಇಲ್ಲ. ಗ್ಯಾಲನ್ನಿಗೆ 9 ಮೈಲಿ ಕೊಟ್ಟಿತು, ಅದನ್ನು ಹೊಟ್ಟೆಗೆ ಹಾಕಿಕೊಂಡೆವು.

ವಯೋಮಿಂಗ್‌ನಲ್ಲಿ ಐ-80. ಲಾರಮಿ ಬಿಟ್ಟು ರಾಲಿನ್ಸ್ ಕಡೆ ಹೋಗುವಾಗ ಎಲ್ಕ್ ಮೌಂಟನ್ ಸಿಗುತ್ತದೆ, ಅಲ್ಲಿನ ಗಾಳಿ ಗೊತ್ತಿರುವವರಿಗೆ ಗೊತ್ತು. ಹಗುರವಾದ ಎತ್ತರದ ಗಾಡಿಗಳಿಗೆ ರಸ್ತೆ ಬಂದ್ ಅಂತ ಆ ರಾಜ್ಯದವರು ಬೋರ್ಡ್ ಹಾಕುವ ರಸ್ತೆ ಅದು. ಆವತ್ತು ಬೋರ್ಡ್ ಇರಲಿಲ್ಲ, ಆದರೆ ಗಾಳಿ ಇತ್ತು. ಎಡಗಡೆಯಿಂದ ಒಂದು ದೊಡ್ಡ ಲಾರಿ ನಮ್ಮನ್ನು ದಾಟಿತು. ದಾಟುವಾಗ ಮೊದಲು ನಮ್ಮನ್ನು ಆಚೆ ತಳ್ಳಿದ ಹಾಗಾಯಿತು, ಆಮೇಲೆ ತನ್ನ ಕಡೆ ಎಳೆದುಕೊಂಡ ಹಾಗೆ. ಕನ್ನಡಿಯಲ್ಲಿ ನೋಡುತ್ತೇನೆ, ಟ್ರೈಲರಿನ ಬಲಗಡೆ ಗೋಡೆ ಕಾಣುತ್ತಿದೆ, ಮರುಕ್ಷಣ ಎಡಗಡೆ ಗೋಡೆ. ಸ್ಟಿಯರಿಂಗ್ ಕೈಯಲ್ಲಿ ಹಗುರ ಆಗಿಬಿಟ್ಟಿತು. ಹಿಂದೆ ಭಾರ ಜಾಸ್ತಿಯಾಗಿ ಮುಂದಿನ ಚಕ್ರಕ್ಕೆ ಹಿಡಿತವೇ ಇಲ್ಲ. ಗಂಡ ಪಕ್ಕದಿಂದ "ಬ್ರೇಕ್, ಬ್ರೇಕ್" ಅಂತಿದ್ದಾರೆ, ಅತ್ತೆ ಹಿಂದಿನಿಂದ ರಾಯರನ್ನು ಕರೆಯುತ್ತಿದ್ದಾರೆ. ಕಾಲಿನ ಬ್ರೇಕ್ ತುಳಿಯಬಾರದು ಅಂತ ಎಲ್ಲೋ ಓದಿದ್ದು ಅದು ಹೇಗೋ ನೆನಪಾಯಿತು. ಆಕ್ಸಿಲರೇಟರ್ ಬಿಟ್ಟೆ, ಡ್ಯಾಶ್‌ಬೋರ್ಡಿನ ಕೆಳಗಿರುವ ಬ್ರೇಕ್ ಕಂಟ್ರೋಲರಿನ ಸಣ್ಣ ಲೀವರನ್ನು ಬೆರಳಿನಿಂದ ಒತ್ತಿದೆ. ಅದು ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಯುತ್ತದೆ. ಟ್ರೈಲರ್ ಹಿಂದಕ್ಕೆ ಜಗ್ಗಿ ನೆಟ್ಟಗಾಯಿತು. ಎಲ್ಲ ಸೇರಿ ಹತ್ತು ಸೆಕೆಂಡ್ ಇರಬಹುದು. ಮುಂದಿನ ಎಕ್ಸಿಟ್ಟಿನಲ್ಲಿ ನಿಲ್ಲಿಸಿ ಇಳಿದರೆ ಕಾಲು ನಿಲ್ಲುತ್ತಿಲ್ಲ.

ಆಮೇಲೆ ಲಾರಿಗಳು ನಿಲ್ಲುವ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ತೂಕ ಹಾಕಿಸಿದೆವು. ಯಾರು ಬೇಕಾದರೂ ಹಾಕಿಸಬಹುದು. ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರ್ ಮೂರನೆಯದರ ಮೇಲೆ. ಬಟನ್ ಒತ್ತಿದರೆ ಒಳಗಿನಿಂದ ಮಾತಾಡುತ್ತಾರೆ, ಚೀಟಿ ಕೊಡುತ್ತಾರೆ. ಹಿಂದಿನ ಆಕ್ಸಲ್ ಮಿತಿಗಿಂತ 300 ಪೌಂಡ್ ಜಾಸ್ತಿ ಇತ್ತು. ಆ ಚೀಟಿ ಇನ್ನೂ ಗ್ಲೋವ್ ಬಾಕ್ಸಿನಲ್ಲೇ ಇದೆ.

ಈಗ ನಾವು ಎಳೆಯುವುದು 12 ಸೀಟಿನ ವ್ಯಾನಿನಲ್ಲಿ. ಚೆವ್ರೊಲೆಟ್ ಎಕ್ಸ್‌ಪ್ರೆಸ್ 3500, ಹಳೆಯದು. ಚರ್ಚಿನವರು ಮಾರಿದ್ದು. ನೋಡೋಕೆ ಏರ್‌ಪೋರ್ಟ್ ಶಟಲ್ ತರಹವೇ ಇದೆ. ದೊಡ್ಡ ಮಗಳು ಸ್ಕೂಲ್ ಹತ್ತಿರ ಇಳಿಸಬೇಡ, ಒಂದು ಬೀದಿ ಹಿಂದೆ ಇಳಿಸು ಅನ್ನುತ್ತಾಳೆ. ಆದರೆ ಪೇಲೋಡ್ ಮೂರು ಸಾವಿರದ ಆಸುಪಾಸು. ಕೊನೆಯ ಸಾಲಿನ ಸೀಟ್ ತೆಗೆದು ಅಲ್ಲಿ ಸಾಮಾನು ಹಾಕುತ್ತೇವೆ. ಕೊಳ್ಳುವುದಾದರೆ 2012ರ ನಂತರದ್ದೇ ನೋಡಿ, ತುಂಬ ಹಳೆಯ ವ್ಯಾನುಗಳಲ್ಲಿ ಗಾಡಿ ಹತೋಟಿ ತಪ್ಪದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇಲ್ಲದವೂ ಇವೆ. 15 ಸೀಟಿನ ಉದ್ದದ್ದು ಜನ ತುಂಬಿದಾಗ ಪಲ್ಟಿ ಹೊಡೆಯುವ ಅಪಾಯ ಜಾಸ್ತಿ ಅಂತ ಸರ್ಕಾರವೇ ಎಷ್ಟೋ ಸಲ ಎಚ್ಚರಿಸಿದೆ, ಅದನ್ನು ನಾವು ನೋಡಲೂ ಹೋಗಲಿಲ್ಲ.

ಇನ್ನು ಅಡುಗೆ. ಇದನ್ನು ಯಾವ ಡೀಲರೂ ಹೇಳುವುದಿಲ್ಲ. ಟ್ರೈಲರ್ ಒಳಗೆ ಒಗ್ಗರಣೆ ಹಾಕಬೇಡಿ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಹೊಗೆ ಅಲಾರಂ ಕಿರುಚುತ್ತದೆ, ಎಂಟೂ ಜನ ಕೆಮ್ಮುತ್ತಾ ಆಚೆ ಓಡಿಬರುತ್ತಾರೆ, ಆ ಘಾಟು ಪರದೆಯಲ್ಲಿ ಎರಡು ದಿನ ಉಳಿಯುತ್ತದೆ. ಆಚೆ ಕಡೆ ಬಾಗಿಲು ತೆರೆದರೆ ಒಲೆ ಇರುವ ಮಾಡೆಲ್‌ಗಳಿವೆ. ಅದು ಇಲ್ಲದಿದ್ದರೆ ಒಂದು ಇಂಡಕ್ಷನ್ ಒಲೆ, ಒಂದು ಮಡಚುವ ಟೇಬಲ್ ಸಾಕು. ಪಾತ್ರೆ ತೊಳೆಯುವ ನೀರಿನ ಟ್ಯಾಂಕ್ ನಮ್ಮ ಅಡುಗೆಗೆ ಎರಡೇ ದಿನಕ್ಕೆ ತುಂಬುತ್ತದೆ. ಟಾಯ್ಲೆಟ್ ಟ್ಯಾಂಕಿನ ಬಗ್ಗೆ ಚಿಂತೆ ಬೇಡ, ನಮ್ಮವರು ನೀರು ಧಾರಾಳವಾಗಿ ಬಳಸುವುದರಿಂದ ಅದು ಇನ್ನೂ ಚೆನ್ನಾಗಿಯೇ ಖಾಲಿಯಾಗುತ್ತದೆ.

ಬಂಕಿಗೆ ತೂಕದ ಮಿತಿ ಇರುತ್ತದೆ, ಅಲ್ಲೇ ಚೀಟಿ ಅಂಟಿಸಿರುತ್ತಾರೆ, ಓದಿ. ಅಪ್ಪ ಅಮ್ಮನಿಗೆ ಮುಂದಿನ ಕ್ವೀನ್ ಬೆಡ್ ಬಿಟ್ಟುಕೊಡಿ. ಮೂರು ಮೆಟ್ಟಿಲು ಹತ್ತಿ ಒಳಗೆ ಬಂದು, ರಾತ್ರಿ ಬಾತ್‌ರೂಮಿಗೆ ಎಷ್ಟು ಹೆಜ್ಜೆ ನಡೆಯಬೇಕು ಅಂತ ಅಲ್ಲೇ ಶೋರೂಮಿನಲ್ಲಿ ಕತ್ತಲೆ ಮಾಡಿ ನಡೆದು ನೋಡಿ. ನಾನು ತಮಾಷೆ ಮಾಡುತ್ತಿಲ್ಲ.

ಸಿಲ್ವರ್‌ಥಾರ್ನ್_ಇಳಿಜಾರು:

ನಾನೂ ಕೊಲರಾಡೊದವನೇ, ಅದಕ್ಕೆ ಒಂದೇ ಒಂದು ಮಾತು ಸೇರಿಸುತ್ತೇನೆ. ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಅಲ್ಲಿ ತಲುಪುವಾಗ ಮೂರರಲ್ಲಿ ಒಂದು ಪಾಲು ಇರುವುದೇ ಇಲ್ಲ. ಲಾರಿಗಳ ಹಿಂದೆ ಬಲಗಡೆ ಲೇನಿನಲ್ಲಿ ಗಂಟೆಗೆ 35 ಮೈಲಿಯಲ್ಲಿ ಹತ್ತುತ್ತೀರಿ, ನಾಚಿಕೆ ಬೇಡ. ಹತ್ತುವುದು ದೊಡ್ಡ ವಿಷಯವೇ ಅಲ್ಲ, ಇಳಿಯುವುದು ವಿಷಯ. ಸುರಂಗ ದಾಟಿ ಸಿಲ್ವರ್‌ಥಾರ್ನ್ ತನಕ ಶೇಕಡಾ 7ರ ಇಳಿಜಾರು. ಬ್ರೇಕ್ ಹೋದ ಲಾರಿಗಳಿಗೆ ಜಲ್ಲಿ ತುಂಬಿದ ದಾರಿ ಸುಮ್ನೆ ಮಾಡಿಟ್ಟಿಲ್ಲ. ಇಳಿಯುವ ಮುಂಚೆಯೇ ಗೇರ್ ಇಳಿಸಿ.

ಟ್ರೈಲರ್ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಸೆಕೆಂಡ್ ಹ್ಯಾಂಡ್ ಟ್ರೈಲರಿನಲ್ಲಿ ಟೈರಿನ ಗೀರುಗಳ ಆಳ ಚೆನ್ನಾಗಿದ್ದರೂ ಆರು ವರ್ಷ ದಾಟಿದ್ದರೆ ಬದಲಾಯಿಸಿ, ಬಿಸಿಲಲ್ಲಿ ನಿಂತು ನಿಂತೇ ಹಾಳಾಗಿರುತ್ತವೆ.

ಮೈಸೂರ್_ಮಲ್ಲಿಗೆ_ಆಸ್ಟಿನ್:

ಎಲ್ಲರೂ ಗಾಡಿ ಬಗ್ಗೆ ಹೇಳಿದರು. ನನಗೆ ಒಂದು ಪ್ರಶ್ನೆ. ಅಪ್ಪ ಅಮ್ಮ ಎಷ್ಟು ವರ್ಷಕ್ಕೊಮ್ಮೆ ಬರುತ್ತಾರೆ? ಎರಡು ಮೂರು ವರ್ಷಕ್ಕೊಮ್ಮೆ ಅಲ್ವಾ? ಉಳಿದ ಸಮಯ ನೀವು ಆರೇ ಜನ. ದೊಡ್ಡವನಿಗೆ 13, ಇನ್ನು ಐದು ವರ್ಷಕ್ಕೆ ಅವನು ಕಾಲೇಜು. ಎಂಟು ಜನರ ಲೆಕ್ಕದಲ್ಲಿ ಗಾಡಿ ಕೊಂಡರೆ ಅದರಲ್ಲಿ ಎಂಟು ಜನ ಕೂರುವುದು ಒಟ್ಟು ಎಷ್ಟು ದಿನ, ನೀವೇ ಲೆಕ್ಕ ಹಾಕಿ.

ನಾವು ಮಾಡಿದ್ದು ಇದು. ಔಟ್‌ಡೋರ್ಸಿ, ಆರ್‌ವಿಶೇರ್ ತರಹದ ಕಡೆ ಜನ ತಮ್ಮದೇ ಟ್ರೈಲರ್ ಬಾಡಿಗೆಗೆ ಕೊಡುತ್ತಾರೆ. ಅದರಲ್ಲಿ ಕೆಲವರು ತಾವೇ ಎಳೆದುಕೊಂಡು ಬಂದು, ಕ್ಯಾಂಪ್ ಸೈಟಿನಲ್ಲಿ ನಿಲ್ಲಿಸಿ, ನೀರು ಕರೆಂಟು ಜೋಡಿಸಿ ಬೀಗದ ಕೈ ಕೊಟ್ಟು ಹೋಗುತ್ತಾರೆ. ಕೊನೇ ದಿನ ಬಂದು ತಗೊಂಡು ಹೋಗುತ್ತಾರೆ. ನೀವು ನಿಮ್ಮ ಮಿನಿವ್ಯಾನಿನಲ್ಲಿ ಎಂಟೂ ಜನ ಹೋಗಿ ಇಳಿದರೆ ಆಯಿತು. ಹಿಚ್ ಇಲ್ಲ, ಐ-80 ಗಾಳಿ ಇಲ್ಲ, ರಾಯರಿಗೂ ತೊಂದರೆ ಇಲ್ಲ. ನ್ಯಾಷನಲ್ ಪಾರ್ಕಿನ ಒಳಗೆ ತಂದು ಬಿಡೋಕೆ ಅವರಿಗೆ ಪರ್ಮಿಟ್ ಬೇಕು, ಅದನ್ನು ಮೊದಲೇ ಕೇಳಿ. ಇಲ್ಲದಿದ್ದರೆ ವೆಸ್ಟ್ ಯೆಲ್ಲೊಸ್ಟೋನ್ ಊರಿನಲ್ಲೇ ಟ್ರೈಲರ್ ನಿಲ್ಲಿಸುವ ಖಾಸಗಿ ಆರ್‌ವಿ ಪಾರ್ಕ್‌ಗಳಿವೆ, ಗೇಟಿನ ಪಕ್ಕ. ಒಂದು ಸೈಟಿಗೆ ಎಷ್ಟು ಜನ ಅನ್ನುವುದನ್ನೂ ಕೇಳಿ. ಯೊಸೆಮಿಟಿಯಲ್ಲಿ ಮಕ್ಕಳೂ ಸೇರಿ ಆರೇ ಜನ, ನಮಗೆ ಗೊತ್ತಿಲ್ಲದೆ ಇನ್ನೊಂದು ಸೈಟಿಗೆ ಓಡಾಡಿದ್ದೆವು.

ಒಂದು ವಾರ ಅದರಲ್ಲಿ ಇದ್ದು ನೋಡಿ. ಆಮೇಲೂ ಬೇಕು ಅನ್ನಿಸಿದರೆ ಆರು ಜನಕ್ಕೆ ಸರಿಹೋಗುವ ಸಣ್ಣ ಟ್ರೈಲರ್ ಕೊಳ್ಳಿ.

ರಾಗಿಮುದ್ದೆ_ವಿ8:

ಬಾಡಿಗೆ ಟ್ರೈಲರಿಗೆ ಒಂದು ವಾರ ಕೊಡುವ ದುಡ್ಡಿನಲ್ಲಿ ನನ್ನ ಟ್ರಕ್ಕಿನ ಎರಡು ತಿಂಗಳ ಕಂತು ಕಟ್ಟಬಹುದು. ಹೇಳಿದೆ ಅಷ್ಟೇ.

ಮೈಸೂರ್_ಮಲ್ಲಿಗೆ_ಆಸ್ಟಿನ್:

@ರಾಗಿಮುದ್ದೆ_ವಿ8 ಕಂತು ಎರಡೇ ತಿಂಗಳಿಗೆ ಮುಗಿಯುತ್ತದಾ?

ತುಮಕೂರ್_ಟು_ಡೆನ್ವರ್:

ಶನಿವಾರ ಮತ್ತೆ ಹೋಗಿದ್ದೆ. ಡೀಲರ್ ಕಾಫಿ ತರೋಕೆ ಹೋದಾಗ ಬಾಗಿಲು ತೆಗೆದು ಸ್ಟಿಕರ್ ನೋಡಿದೆ. 1,488. ಫೋಟೋ ತೆಗೆದುಕೊಂಡೆ. ಅವರು ಬಂದ ಮೇಲೆ ಹಾಸನದವರ ಲೆಕ್ಕ ಹಾಗೇ ಒಪ್ಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೆಲ್ಲ ಯಾರೂ ನೋಡುವುದಿಲ್ಲ ಸರ್" ಅಂದರು. ಅಲ್ಲಿಂದ ಎದ್ದು ಬಂದೆ.

ರಾತ್ರಿ ಊಟ ಆದಮೇಲೆ ಎಲ್ಲರನ್ನೂ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಹಾಸನದವರೇ, ನನ್ನ ತೂಕ 180 ಅಲ್ಲ, 196. ಉಳಿದವರದು ಹೆಚ್ಚುಕಡಿಮೆ ನೀವು ಹೇಳಿದ ಹಾಗೇ ಇದೆ. ಹೆಂಡತಿಯದು ಬರೆಯಬಾರದು ಅಂತ ಆರ್ಡರ್ ಆಗಿದೆ.

ಈ ಬೇಸಿಗೆಗೆ ಬಾಡಿಗೆ ಅಂತ ನಿರ್ಧಾರ ಮಾಡಿದೆವು. ಜುಲೈ ಎರಡನೇ ವಾರ, ವೆಸ್ಟ್ ಯೆಲ್ಲೊಸ್ಟೋನ್. ತಂದು ನಿಲ್ಲಿಸಿಕೊಡುವವರು ಒಬ್ಬರು ಸಿಕ್ಕಿದ್ದಾರೆ, ಆಚೆ ಒಲೆ ಇರುವ ಮಾಡೆಲ್ಲೇ. ಅಮ್ಮನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಬೆಡ್ ನೋಡಲಿಲ್ಲ, ಬಾತ್‌ರೂಮ್ ನೋಡಲಿಲ್ಲ, ಒಲೆ ನೋಡಿ "ಎರಡೇ ಉರಿ ಇದೆಯಲ್ಲೋ" ಅಂದರು. ಗ್ರೈಂಡರ್ ತರಲಾ ಅಂತಲೂ ಕೇಳಿದರು. ವ್ಯಾನ್ ವಿಷಯ ಅಕ್ಟೋಬರ್ ಆದಮೇಲೆ ನೋಡುತ್ತೇನೆ, ಜಯನಗರದವರೇ, ಆಗ ನಿಮ್ಮ ತಲೆ ತಿನ್ನುತ್ತೇನೆ.

ಜಯನಗರ_ನಾಲ್ಕನೇ_ಬ್ಲಾಕ್:

ಜುಲೈ ಎರಡನೇ ವಾರ ನಾವೂ ಅಲ್ಲೇ ಇರುತ್ತೇವೆ! ಗ್ರೈಂಡರ್ ಬೇಡ ಅಂತ ಹೇಳಿ ಅಮ್ಮನಿಗೆ. ಇಡ್ಲಿ ಹಿಟ್ಟು, ಸ್ಟ್ಯಾಂಡು ಎರಡೂ ನಾನು ತರುತ್ತೇನೆ, ನನ್ನ ಪೇಲೋಡಿನಲ್ಲಿ ಜಾಗ ಇದೆ.